ಮಯೂರಶರ್ಮನ ಸಹಪಾಠಿಗಳು

2025ರಲ್ಲಿ ತಾಳಗುಂದದ ಹುಡುಗಿಯೊಬ್ಬಳು ಬೆಂಗಳೂರಿಗೆ ಹೋಗಿ ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಸೇರಿದಳು. ತರಗತಿ ಶುರುವಾದ ಮೊದಲ ವಾರದಲ್ಲೇ ಒಂದು ಕೆಲಸ ಬಿತ್ತು. ಪ್ರತಿಯೊಬ್ಬರೂ ಎದ್ದು ನಿಂತು ಸಹಪಾಠಿಗಳಿಗೆ ತಮ್ಮ ಪರಿಚಯ ಹೇಳಿಕೊಳ್ಳಬೇಕು, ಎರಡು ನಿಮಿಷ, ಇಂಗ್ಲಿಷಿನಲ್ಲಿ. ಅವಳು ರಾತ್ರಿ ಕೂತು ಬರೆದು ನಮಗೆ ಕಳಿಸಿದಳು. "ಮಾಮು, ಒಮ್ಮೆ ನೋಡಿಕೊಡಿ" ಎಂದು ಕೆಳಗೊಂದು ಸಾಲು. ಕಥೆ ಬರೆಯುವವರ ಪಾಡೇ ಇದು. ನಿಕಾಹ್‌ನ ಕರೆಯೋಲೆಯಿಂದ ಹಿಡಿದು ತಹಶೀಲ್ದಾರರಿಗೆ ಕೊಡುವ ಅರ್ಜಿಯವರೆಗೆ ಎಲ್ಲವೂ ನಮ್ಮ ಮುಂದೆ ಬಂದು ಬೀಳುತ್ತದೆ.

ಇಂಗ್ಲಿಷು ನಮಗಿಂತ ಅವಳಿಗೇ ಚೆನ್ನಾಗಿ ಬರುತ್ತದೆ. ತಿದ್ದಲು ಅಲ್ಲಿ ಏನೂ ಇರಲಿಲ್ಲ. ಹೆಸರು, ಬಿ.ಎಸ್ಸಿ.ಯಲ್ಲಿ ಬಂದ ಅಂಕ, ಪೈಥಾನ್ ಮತ್ತು ಜಾವಾ ಗೊತ್ತಿದೆ ಎನ್ನುವ ಮಾತು, ಮಷೀನ್ ಲರ್ನಿಂಗ್‌ನಲ್ಲಿ ಆಸಕ್ತಿ, ಹವ್ಯಾಸ ಅಡುಗೆ ಮತ್ತು ಓದು. ಎಲ್ಲ ಅಚ್ಚುಕಟ್ಟು. ಆದರೆ ಎರಡನೆಯ ಸಲ ಓದಿದಾಗ ಇಲ್ಲದಿರುವುದು ಕಣ್ಣಿಗೆ ಬೀಳತೊಡಗಿತು. ಊರು 'ಶಿವಮೊಗ್ಗದ ಕಡೆ' ಎಂದಾಗಿತ್ತು. ತಾಳಗುಂದವೂ ಇಲ್ಲ, ಶಿರಾಳಕೊಪ್ಪವೂ ಇಲ್ಲ, ಶಿಕಾರಿಪುರವೂ ಇಲ್ಲ. ತಂದೆ ತಾಯಿಯ ಸುದ್ದಿಯೇ ಇಲ್ಲ. ಬಲ್ಲ ಭಾಷೆಗಳು ಮೂರು: ಇಂಗ್ಲಿಷ್, ಕನ್ನಡ, ಹಿಂದಿ. ಮನೆಯಲ್ಲಿ ಹುಟ್ಟಿದಂದಿನಿಂದ ಆಡಿದ ಉರ್ದು ರಾತ್ರೋರಾತ್ರಿ ಹಿಂದಿಯಾಗಿ ಹೋಗಿತ್ತು.

ನಮ್ಮ ವಿಮರ್ಶಕರು ಕಥೆ, ಕಾವ್ಯ, ಕಾದಂಬರಿಗಳನ್ನು ನೋಡುತ್ತಾರೆ. ಇಂದಿನ ಯುವಕ ಯುವತಿಯರು ಅತಿ ಹೆಚ್ಚು ಬರೆಯುವ, ಅತಿ ಹೆಚ್ಚು ಸಲ ತಿದ್ದುವ ಪ್ರಕಾರವೆಂದರೆ ಈ ಅರ್ಧ ಪುಟದ ಸ್ವಪರಿಚಯ. ಅದನ್ನು ಯಾರೂ ಸಾಹಿತ್ಯವೆಂದು ಎಣಿಸುವುದಿಲ್ಲ. ಉರ್ದುವಿನಲ್ಲಿ ಇದಕ್ಕೆ 'ತಆರುಫ್' ಎನ್ನುತ್ತೇವೆ. ಹೊಸ ಶಾಯರನ ಮೊದಲ ಸಂಕಲನಕ್ಕೆ ಹಿರಿಯರೊಬ್ಬರು ತಆರುಫ್ ಬರೆಯುವುದು ರೂಢಿ. ಈ ಪದ ಬಂದಿರುವ ಧಾತುವಿನಿಂದಲೇ ಬಂದ ಕ್ರಿಯಾಪದವೊಂದು ಕುರ್‌ಆನಿನ ಸೂರಾ ಅಲ್ ಹುಜುರಾತ್‌ನ 13ನೆಯ ಆಯತ್ತಿನಲ್ಲಿದೆ. ಮನುಷ್ಯರನ್ನು ಜನಾಂಗಗಳಾಗಿ, ಬುಡಕಟ್ಟುಗಳಾಗಿ ಮಾಡಿದ್ದು ಪರಸ್ಪರ ಪರಿಚಯವಾಗಲೆಂದು ಎಂಬುದು ಅದರ ಆಶಯ. ಹಿರಿಮೆಯ ಅಳತೆಗೋಲು ಕುಲವಲ್ಲ, ದೇವಭಯ ಎನ್ನುವ ಮಾತು ಅದರ ಬೆನ್ನಿಗೇ ಬರುತ್ತದೆ. ಅಂದರೆ ಭೇದ ಇರುವುದೇ ತಆರುಫ್‌ಗಾಗಿ. ನಮ್ಮ ಹುಡುಗಿಯ ತಆರುಫ್‌ನಲ್ಲಿ ಭೇದ ತೋರುವ ಒಂದೊಂದನ್ನೂ ಆಯ್ದು ತೆಗೆದಿತ್ತು.

ವಿಚಿತ್ರವೆಂದರೆ, ಅವಳು ಹೆಸರು ಹೇಳಲು ಹಿಂಜರಿದ ಊರಿನ ನಡುವೆಯೇ ಕನ್ನಡ ನಾಡಿನ ಬಹು ಹಳೆಯ ವಿದ್ಯಾರ್ಥಿ ಪರಿಚಯವೊಂದು ಕಲ್ಲಿನ ಮೇಲೆ ನಿಂತಿದೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬ ಅದು. ಐದನೆಯ ಶತಮಾನದ ನಡುಭಾಗದಲ್ಲಿ ಕದಂಬರ ಶಾಂತಿವರ್ಮನ ಕಾಲಕ್ಕೆ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿ, ತಾನೇ ಕಲ್ಲಿನ ಮೇಲೆ ಬರೆದ ಕಾವ್ಯ. ನೆಪ ಸಣ್ಣದು, ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಈ ಗುಡಿಗಾಗಿ ಕಟ್ಟಿಸಿದ ಕೆರೆ. ಆದರೆ ಕೆರೆಯ ಮಾತಿಗೆ ಬರುವ ಮೊದಲು ಕುಬ್ಜ ಇಡೀ ವಂಶದ ಕಥೆ ಹೇಳುತ್ತಾನೆ. ಆ ಕಥೆಯ ಮೂಲದಲ್ಲಿ ಒಬ್ಬ ಹುಡುಗನಿದ್ದಾನೆ. ಊರಿನಲ್ಲಿ ಓದು ಮುಗಿಸಿ, ಗುರು ವೀರಶರ್ಮನ ಜೊತೆ ಪಲ್ಲವರ ಕಂಚಿಗೆ ಹೋಗಿ, ಹೆಚ್ಚಿನ ಓದಿಗೆಂದು ಅಲ್ಲಿನ ಘಟಿಕೆಯನ್ನು ಹೊಕ್ಕ ಮಯೂರಶರ್ಮ. ಈಗಿನ ಮಾತಿನಲ್ಲಿ ಹೇಳುವುದಾದರೆ ಸ್ನಾತಕೋತ್ತರ ವಿದ್ಯಾರ್ಥಿ.

ಮುಂದಿನದು ಎಲ್ಲರಿಗೂ ಗೊತ್ತು. ಗೊತ್ತಿರುವುದು ಕುಬ್ಜನಿಂದಲ್ಲ, ದೇವುಡು ಅವರ 'ಮಯೂರ' ಕಾದಂಬರಿಯಿಂದ. ಅದಕ್ಕಿಂತ ಹೆಚ್ಚಾಗಿ 1975ರಲ್ಲಿ ಡಾ. ರಾಜ್‌ಕುಮಾರ್ ಅಭಿನಯದಲ್ಲಿ ಬಂದ ಅದೇ ಹೆಸರಿನ ಚಿತ್ರದಿಂದ. ನಾವೂ ಚಿಕ್ಕಂದಿನಲ್ಲಿ ಟೆಂಟಿನ ನೆಲದ ಮೇಲೆ ಕೂತು ಅದನ್ನು ನೋಡಿದವರೇ. ರಾಜ್‌ಕುಮಾರ್ ಖಡ್ಗ ಹಿಡಿದಾಗ ಶಿಳ್ಳೆ ಹೊಡೆದವರಲ್ಲಿ ನಮ್ಮ ಮೊಹಲ್ಲಾದ ಹುಡುಗರೇನೂ ಕಡಿಮೆ ಇರಲಿಲ್ಲ. ಆದರೆ ಈಗ ಯೋಚಿಸಿದರೆ ಒಂದು ಕೊರತೆ ಕಾಣುತ್ತದೆ. ಮಯೂರನನ್ನು ನಾವೆಲ್ಲರೂ ಖಡ್ಗದಿಂದ ಹಿಂದಕ್ಕೆ ಓದಿದ್ದೇವೆ. ಅವನು ದೊರೆಯಾಗಲೆಂದೇ ಕಂಚಿಯಲ್ಲಿ ಅವಮಾನವಾಯಿತು ಎನ್ನುವಂತೆ. ವಿದ್ಯಾರ್ಥಿಯಾಗಿದ್ದ ಆ ಕೆಲವು ದಿನಗಳು ಯಾರಿಗೂ ಬೇಡವಾಗಿವೆ. ಕುಬ್ಜನಿಗೂ ಅಷ್ಟೇನೂ ಬೇಕಿರಲಿಲ್ಲ. ಕಂಚಿಯ ಪಯಣ, ಘಟಿಕೆಯ ಪ್ರವೇಶ ಒಂದೇ ಪದ್ಯದಲ್ಲಿ ಮುಗಿದುಹೋಗುತ್ತವೆ.

ಕುಬ್ಜ ಪರಿಚಯ ಮಾಡಿಕೊಡುವ ಬಗೆಯನ್ನು ಮಾತ್ರ ನಿಧಾನವಾಗಿ ನೋಡಬೇಕು. ವ್ಯಕ್ತಿಯ ಹೆಸರಿಗೆ ಮೊದಲು ಮನೆತನ ಬರುತ್ತದೆ. ಮಾನವ್ಯ ಗೋತ್ರ, ಹಾರಿತಿಯ ಸಂತತಿ. ಆಮೇಲೆ ಒಂದು ಮರ. ಮನೆಯ ಹತ್ತಿರ ಹೂ ಬಿಟ್ಟು ನಿಂತ ಕದಂಬ ವೃಕ್ಷವನ್ನು ಈ ಜನ ನೋಡಿಕೊಂಡಿದ್ದರಿಂದ ಅದರ ಹೆಸರೂ ಗುಣವೂ ಇವರಿಗೆ ಬಂದವು ಎನ್ನುತ್ತಾನೆ ಕವಿ. ದೊಡ್ಡ ರಾಜವಂಶವೊಂದು ತನ್ನ ಹೆಸರಿಗೆ ಸೂರ್ಯನನ್ನೋ ಚಂದ್ರನನ್ನೋ ಹುಡುಕದೆ ಹಿತ್ತಲ ಮರವನ್ನು ತೋರಿಸಿದ್ದು ನಮಗೆ ಬಹಳ ಹಿಡಿಸಿತು. ಕಥೆಗಾರನ ಕಣ್ಣು ಅದು.

ಆದರೆ ಗೋತ್ರದ ಮಾತು ಬಂದಾಗ ನಮ್ಮ ಮೆಚ್ಚುಗೆ ಅಲ್ಲಿಗೇ ನಿಲ್ಲುತ್ತದೆ. ಆ ಪರಿಚಯ ಇಲ್ಲದವನಿಗೆ ಘಟಿಕೆಯಲ್ಲಿ ಜಾಗವಿರಲಿಲ್ಲ. ತಾಳಗುಂದದಲ್ಲಿ ಆಗ ಗದ್ದೆ ಉಳುತ್ತಿದ್ದವನ ಮಗನಿಗೆ ಕಂಚಿಯ ದಾರಿಯೇ ಇರಲಿಲ್ಲ. ಅವನಿಗೆ ಅವಮಾನವಾಗುವಷ್ಟು ಹತ್ತಿರ ಹೋಗುವ ಅವಕಾಶವೂ ಸಿಗುತ್ತಿರಲಿಲ್ಲ. ಮಯೂರಶರ್ಮನ ಸಿಟ್ಟನ್ನು ಕುಬ್ಜ ವಿವರಿಸುವ ರೀತಿಯಲ್ಲೂ ಇದೇ ಇದೆ. ಕಷ್ಟಪಟ್ಟು ವೇದಶಾಖೆಯನ್ನು ಕಲಿತರೂ ಬ್ರಾಹ್ಮಣ್ಯದ ಸಿದ್ಧಿ ದೊರೆಗಳ ಕೈಯಲ್ಲಿದೆಯಲ್ಲ, ಇದಕ್ಕಿಂತ ದುಃಖ ಉಂಟೇ ಎಂಬುದು ಆ ಹುಡುಗನ ಅಳಲು. ಓದಿನ ಮೇಲೆ ಅಧಿಕಾರ ಕೂರಬಾರದು ಎನ್ನುವ ಭಾಗ ನಮಗೂ ಸಮ್ಮತ. ಓದು ಯಾರ ಸೊತ್ತು ಎನ್ನುವ ಪ್ರಶ್ನೆಯನ್ನು ಅವನು ಕೇಳುವುದಿಲ್ಲ. ದರ್ಭೆ, ಸಮಿತ್ತು, ತುಪ್ಪದ ಸ್ರುಕ್ಕು ಹಿಡಿದು ಪಳಗಿದ ಕೈಯಿಂದ ಕತ್ತಿ ಹಿಡಿಯುತ್ತಾನೆ, ಅಷ್ಟೇ.

ಜಗಳಕ್ಕೆ ಕಾರಣವೇನು? ಪಲ್ಲವರ ಕುದುರೆ ಸವಾರನೊಬ್ಬನೊಡನೆ ಕಲಹವಾಯಿತು ಎಂದು ಹಲವರು ಅರ್ಥ ಮಾಡಿದ್ದಾರೆ. ಅಶ್ವಮೇಧದ ಸಂದರ್ಭದ ಜಗಳ ಎಂದವರೂ ಇದ್ದಾರೆ. ಏನೇ ಇರಲಿ, ಕುಬ್ಜ ಕಾರಣ ಹೇಳುವುದಿಲ್ಲ. ಹೊರ ಊರಿನಿಂದ ಬಂದ ವಿದ್ಯಾರ್ಥಿಗೆ ಬೀದಿಯಲ್ಲಿ ಯಾರೋ ಏನೋ ಅಂದರು, ಕುದುರೆಯ ಮೇಲಿದ್ದವನಿಗೆ ಕೆಳಗಿದ್ದವನು ಹುಳುವಿನಂತೆ ಕಂಡ. ಇಷ್ಟನ್ನು ಊಹಿಸಲು ಶಾಸನತಜ್ಞರೇ ಬೇಕಿಲ್ಲ. ಅದಕ್ಕಿಂತ ನಮ್ಮನ್ನು ಕಾಡಿದ್ದು ಬೇರೊಂದು ಮೌನ. ಇಷ್ಟು ಪದ್ಯಗಳ ಕಾವ್ಯದಲ್ಲಿ ಮಯೂರನಿಗೆ ಒಬ್ಬ ಸಹಪಾಠಿಯೂ ಇಲ್ಲ. ಗುರುವಿದ್ದಾನೆ, ಶತ್ರುವಿದ್ದಾನೆ, ಪಕ್ಕದಲ್ಲಿ ಕೂತು "ನಿನ್ನ ಊರು ಯಾವುದು?" ಎಂದು ಕೇಳಿದವನು ಇಲ್ಲ. ಜಗಳದ ರಾತ್ರಿ "ಹೋಗಲಿ ಬಿಡೋ, ನಾಳೆ ಪಾಠವಿದೆ" ಎನ್ನಲು ಒಬ್ಬ ಗೆಳೆಯನಿದ್ದಿದ್ದರೆ ಕರ್ನಾಟಕದ ಇತಿಹಾಸವೇ ಬೇರೆಯಾಗುತ್ತಿತ್ತೇನೋ. ಇದು ಕಥೆಗಾರರ ಚಪಲ, ಇತಿಹಾಸಕಾರರು ಕ್ಷಮಿಸಬೇಕು.

ಆ ಹುಡುಗ ಕಂಚಿಯಲ್ಲಿ ಯಾವ ಭಾಷೆಯಲ್ಲಿ ತನ್ನ ಪರಿಚಯ ಹೇಳಿಕೊಂಡಿರಬಹುದು? ಘಟಿಕೆಯದು ಸಂಸ್ಕೃತ, ಬೀದಿಯದು ತಮಿಳು. ದೊರೆಯಾದ ಮೇಲೆ ಚಿತ್ರದುರ್ಗದ ಬಳಿ ಚಂದ್ರವಳ್ಳಿಯಲ್ಲಿ ಹಾಕಿಸಿದ ಶಾಸನ ಪ್ರಾಕೃತದ್ದು. ಹಾಗಾದರೆ ಮನೆಯ ಮಾತು? ಕುಬ್ಜನ ಕಂಬದಲ್ಲಿ ಅದು ಕಾಣುವುದಿಲ್ಲ. ಆದರೆ 2013-14ರ ಸುಮಾರಿಗೆ ಭಾರತೀಯ ಪುರಾತತ್ವ ಇಲಾಖೆ ಅದೇ ಗುಡಿಯ ಆವರಣದಲ್ಲಿ ಅಗೆದಾಗ ಸಿಂಹಕಟಾಂಜನದ ಕಲ್ಲೊಂದು ಸಿಕ್ಕಿತು. ಅದರ ಮೇಲಿನ ಬರಹದಲ್ಲಿ ಕನ್ನಡವಿದೆ, ಕಾಲ ಸುಮಾರು ಕ್ರಿ.ಶ. 370 ಎಂದು ತಜ್ಞರು ಹೇಳಿದರು. ಹಲ್ಮಿಡಿಗಿಂತ ಹಳೆಯದು ಎಂದು ಪತ್ರಿಕೆಗಳು ಸಂಭ್ರಮಿಸಿದವು. ನಾವಿಕನೊಬ್ಬನಿಗೆ ಗದ್ದೆ ಕೊಟ್ಟ ವಿಷಯ ಅದರಲ್ಲಿದೆ ಎಂದು ಓದಲಾಗಿದೆ. ವಂಶದ ಮಹಾಕಾವ್ಯ ಸಂಸ್ಕೃತದಲ್ಲಿ. ನಾವಿಕನ ಗದ್ದೆಯ ಲೆಕ್ಕ ಕನ್ನಡದಲ್ಲಿ! ದೊಡ್ಡ ಸಭೆಯಲ್ಲಿ ನಿಂತಾಗ ಮನೆಯ ಮಾತನ್ನು ಜೇಬಿನಲ್ಲಿಡುವ ಅಭ್ಯಾಸ ತಾಳಗುಂದಕ್ಕೆ ಹೊಸದಲ್ಲ. ನಮ್ಮ ಹುಡುಗಿ ಉರ್ದುವನ್ನು ಹಿಂದಿ ಮಾಡಿದ್ದು ಆ ದೀರ್ಘ ಪರಂಪರೆಯಲ್ಲೇ ಬರುತ್ತದೆ.

ಭಾಷೆಯಷ್ಟೇ ಅಲ್ಲ, ಹೆಸರಿನದೂ ಹೀಗೇ. ಕಂಬದಲ್ಲಿ ಮಯೂರ ಕೊನೆಯವರೆಗೂ ಶರ್ಮನೇ. ಅವನ ಮಗ ಕಂಗನ ಹೊತ್ತಿಗೆ ಅದು ವರ್ಮ ಆಗುತ್ತದೆ. ಕೆಲಸ ಬದಲಾಯಿತು, ಹೆಸರಿನ ಬಾಲ ಬದಲಾಯಿತು. ಈ ಕಾಲದ ಹೆಸರುಗಳನ್ನು ಬದಲಿಸುವುದು ಕಂಪ್ಯೂಟರು. ಪ್ರವೇಶದ ಅರ್ಜಿಯಲ್ಲಿ ಮೊದಲ ಹೆಸರಿಗೊಂದು ಚೌಕ, ಕೊನೆಯ ಹೆಸರಿಗೊಂದು ಚೌಕ. ಎರಡನೆಯದನ್ನು ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದೇ ಇಲ್ಲ. ನಮ್ಮ ಮನೆಗಳಲ್ಲಿ ಕೊನೆಯ ಹೆಸರೆಂಬುದು ಎಲ್ಲಿದೆ? ಅವಳ ಹೆಸರಿನ ತುದಿಗಿದ್ದ 'ಬಾನು' ಆ ಚೌಕದಲ್ಲಿ ಹೋಗಿ ಕೂತಿತು. ಹೀಗೆ ಅರ್ಧ ಕರ್ನಾಟಕದ ಮುಸ್ಲಿಂ ಹೆಣ್ಣುಮಕ್ಕಳು ಕಂಪ್ಯೂಟರಿನ ದೃಷ್ಟಿಯಲ್ಲಿ ಬಾನು ಎಂಬ ಒಂದೇ ಮನೆತನದವರು. ಅವಳು ಕಲಿಯುತ್ತಿರುವ ವಿದ್ಯೆಯೇ ಈ ಚೌಕಗಳನ್ನು ಮಾಡುವ ವಿದ್ಯೆ. ಮುಂದೆ ಅವಳಾದರೂ ಸ್ವಲ್ಪ ಅಗಲ ಮಾಡಲಿ ಎಂದು ನಾವು ತಮಾಷೆ ಮಾಡಿದೆವು.

ಇದೇ ವಿದ್ಯೆಯ ತೀರಾ ಮೊದಲ ಪಾಠದಲ್ಲಿ ಬರುವ ಪದ ಅಲ್ಗಾರಿದಮ್. ಅದು ಒಬ್ಬ ಮನುಷ್ಯನ ಹೆಸರು. ನಿಜ ಹೇಳಬೇಕೆಂದರೆ ಹೆಸರೂ ಅಲ್ಲ, ಊರು. ಒಂಬತ್ತನೆಯ ಶತಮಾನದ ಆದಿಯಲ್ಲಿ ಬಾಗ್ದಾದಿನಲ್ಲಿದ್ದ ಮುಹಮ್ಮದ್ ಇಬ್ನ್ ಮೂಸಾ ಎಂಬ ಗಣಿತಜ್ಞನನ್ನು ಜನ ಗುರುತಿಸಿದ್ದು ಅಲ್ ಖ್ವಾರಿಝ್ಮಿ ಎಂದು. ಅಂದರೆ ಖ್ವಾರಿಝ್ಮಿನವನು, ಈಗಿನ ಉಜ್ಬೇಕಿಸ್ತಾನ, ತುರ್ಕ್‌ಮೆನಿಸ್ತಾನಗಳ ನಡುವೆ ಹಂಚಿಹೋಗಿರುವ ನಾಡು ಅದು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ಅವನು ಅರಬಿಯಲ್ಲಿ ಬರೆದ. ಆ ಗ್ರಂಥದ ಅರಬಿ ಮೂಲ ಉಳಿದಿಲ್ಲ. ಹನ್ನೆರಡನೆಯ ಶತಮಾನದ ಲ್ಯಾಟಿನ್ ರೂಪ ಉಳಿಯಿತು. ಲ್ಯಾಟಿನ್ ಬಾಯಿಯಲ್ಲಿ ಅವನ ಊರು ತಿರುಚಿಕೊಂಡು ಅಲ್ಗೊರಿತ್ಮಿ ಆಯಿತು. ಅವನ ಇನ್ನೊಂದು ಗ್ರಂಥದ ಹೆಸರಿನಲ್ಲಿದ್ದ 'ಅಲ್ ಜಬ್ರ್' ಬೀಜಗಣಿತಕ್ಕೆ ಇಂಗ್ಲಿಷಿನ ಹೆಸರನ್ನು ಕೊಟ್ಟಿತು. ಹೀಗಾಗಿ ಕಂಪ್ಯೂಟರ್ ಸೈನ್ಸಿನ ತರಗತಿಯಲ್ಲಿ ದಿನಕ್ಕೆ ನೂರು ಸಲ ಯಾರೋ ಒಬ್ಬನ ಊರಿನ ಹೆಸರು ಉಚ್ಚಾರವಾಗುತ್ತಿರುತ್ತದೆ. ಉಚ್ಚರಿಸುವವರಿಗೆ ಅದು ಗೊತ್ತಿಲ್ಲ, ಅಷ್ಟೇ.

ಊರನ್ನು ಹೆಸರಿಗೆ ಕಟ್ಟಿಕೊಳ್ಳುವ ಈ 'ನಿಸ್ಬತ್' ನಮ್ಮ ಕನ್ನಡದಲ್ಲೂ ಉಂಟು. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ: ಊರು ತೆಗೆದರೆ ಈ ಹೆಸರುಗಳು ಅರ್ಧಕ್ಕೆ ನಿಲ್ಲುತ್ತವೆ. ನಿತ್ಯೋತ್ಸವದ ಕವಿ ನಿಸಾರ್ ಅಹಮದ್ ಅವರ ಹೆಸರಿನ ಮುಂದಿನ 'ಕೆ' ಕೂಡ ಕೊಕ್ಕರೆ ಹೊಸಹಳ್ಳಿ. ಕನ್ನಡದ ಮುಸ್ಲಿಂ ಲೇಖಕರು ತಮ್ಮ ಹೆಸರನ್ನು ಈ ಮಣ್ಣಿನ ಹೆಸರಿನ ಜೊತೆಗಿಟ್ಟು ಬರೆದದ್ದು ಶೋಕಿಗಲ್ಲ. ಅದೊಂದು ಹಕ್ಕಿನ ಮಾತು. ನೀನು ಎಲ್ಲಿಯವನು ಎಂದು ಯಾರಾದರೂ ಕೇಳುವ ಮೊದಲೇ ಕೊಟ್ಟ ಉತ್ತರ.

ಹಾಗೆ ಕೇಳುವವರಿಗೆ ಕೊರತೆ ಇರಲಿಲ್ಲ, ಇಲ್ಲ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದ ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ. ಆ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ದಾಟಿದ ನಮ್ಮಂಥವರಿಗೆ ಆ ಆರು ತಿಂಗಳ ಭಯ ಎಂಥದೆಂದು ಗೊತ್ತು. ಹೆಸರು ಕೂಗಿದಾಗ ಹಿಂದಿನ ಬೆಂಚು ನಕ್ಕರೆ, ಆಮೇಲೆ ಎಷ್ಟು ಒಳ್ಳೆಯ ಕನ್ನಡ ಬರೆದರೂ ಆ ನಗು ಕಿವಿಯಲ್ಲಿ ಉಳಿಯುತ್ತದೆ.

ಇಷ್ಟೆಲ್ಲ ಯೋಚಿಸಿ, ಹುಮ್ಮಸ್ಸಿನಲ್ಲಿ ನಾವು ಅವಳ ಅರ್ಧ ಪುಟವನ್ನು ತಿದ್ದಿದೆವು. ಊರು ತಾಳಗುಂದ ಎಂದು ಮೊದಲ ಸಾಲಿಗೇ ತಂದೆವು. ಉರ್ದುವನ್ನು ಅದರ ಜಾಗಕ್ಕೆ ವಾಪಸು ಕೂರಿಸಿದೆವು. 'ಸಾವಿರದ ಆರುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನನ್ನ ಊರಿನ ಒಬ್ಬ ವಿದ್ಯಾರ್ಥಿ ಹೀಗೆಯೇ ದೊಡ್ಡ ನಗರಕ್ಕೆ ಓದಲು ಹೋದ' ಎಂದು ಒಂದು ಸಾಲು ಸೇರಿಸಿದೆವು. ಬಹಳ ಚೆನ್ನಾಗಿದೆ ಅನ್ನಿಸಿತು. ಕಳಿಸಿದೆವು.

ರಾತ್ರಿ ಅವಳೇ ಫೋನು ಮಾಡಿದಳು. ಊರನ್ನು ಬಿಟ್ಟದ್ದು ನಾಚಿಕೆಯಿಂದಲ್ಲ ಎಂದಳು. ಬಾಡಿಗೆ ಕೋಣೆಗೆ ಫೋನು ಮಾಡಿದಾಗ ಎರಡು ಕಡೆ ಹೆಸರು ಕೇಳಿದ ಮೇಲೆ ಕೋಣೆ ಖಾಲಿ ಇಲ್ಲವಾಯಿತು. 2022ರ ಫೆಬ್ರವರಿಯಲ್ಲಿ ಅವಳು ದ್ವಿತೀಯ ಪಿಯುಸಿ ಓದುತ್ತಿದ್ದಳು. 5ನೇ ತಾರೀಕು ಸಮವಸ್ತ್ರದ ಸರ್ಕಾರಿ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಇವು ದಾಖಲೆಯ ತಾರೀಕುಗಳು. ಅವಳ ನೆನಪಿನಲ್ಲಿರುವುದು ಕಾಲೇಜಿನ ಗೇಟು. "ಅಲ್ಲಿ ಯಾರೂ ನನ್ನ ಹೆಸರು ಕೇಳಲಿಲ್ಲ ಮಾಮು. ಯಾವ ಸೆಕ್ಷನ್, ಎಷ್ಟು ಮಾರ್ಕ್ಸು, ಏನೂ ಕೇಳಲಿಲ್ಲ. ದುಪಟ್ಟಾನೇ ನನ್ನ ಇಂಟ್ರೊಡಕ್ಷನ್ ಆಗಿಹೋಗಿತ್ತು." ಈಗ ಕೇಳುವವರು ಸಿಕ್ಕಿದ್ದಾರೆ, ಪೈಥಾನ್ ಬರುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ ತಾನಾಗಿ ಗೊತ್ತಾಗಲಿ ಎಂಬುದು ಅವಳ ಲೆಕ್ಕ.

ನಮ್ಮ ವಿಮರ್ಶೆ ಎಲ್ಲಿ ತಪ್ಪಿತು ಎಂದು ಆಗ ತಿಳಿಯಿತು. ಆ ಬರಹದಲ್ಲಿ ಇಲ್ಲದ್ದನ್ನೆಲ್ಲ ನಾವು ನಷ್ಟವೆಂದು ಓದಿದ್ದೆವು. ಒಂದಿಷ್ಟು ನಷ್ಟವೂ ಹೌದು. ಆದರೆ ಪರಿಚಯವೆಂಬುದು ಹೇಳುವವಳ ಸೊತ್ತು. ಯಾವುದನ್ನು ಯಾವಾಗ ಕೊಡಬೇಕು ಎನ್ನುವುದೂ ಅವಳದೇ. ಕುಬ್ಜ ಬರೆದದ್ದು ಗೆದ್ದ ಮೇಲಿನ ಪರಿಚಯ, ಅದೂ ಮಯೂರನ ಮರಿಮಗನ ಮಗನ ಕಾಲಕ್ಕೆ. ಗೆದ್ದವರಿಗೆ ಹಿತ್ತಲ ಮರವೂ ಶೋಭೆ ತರುತ್ತದೆ. ಘಟಿಕೆಯ ಬಾಗಿಲಲ್ಲಿ ನಿಂತಾಗ ಮಯೂರಶರ್ಮ ಆ ಮರದ ಸುದ್ದಿ ಎತ್ತಿರಲಾರ. ಯಾಚಕನಂತೆ ಒಳಹೊಕ್ಕ ಎಂದೇ ಕುಬ್ಜನೂ ಹೇಳುತ್ತಾನೆ.

ಇಲ್ಲಿ ತಾಳಗುಂದದ ಪಕ್ಕದ ಬಳ್ಳಿಗಾವಿಯನ್ನು ನೆನೆಯದೆ ಇರಲಾಗದು. ಅಲ್ಲಿನ ಕೋಡಿಯ ಮಠದ 1162ರ ಶಾಸನ ಆ ಮಠವನ್ನು ಬಣ್ಣಿಸುತ್ತ ಎರಡು ಪಟ್ಟಿ ಕೊಡುತ್ತದೆ. ಒಂದು ಅಲ್ಲಿ ನಡೆಯುವ ಪಾಠಗಳದು. ವೇದಗಳು, ಹಲವು ವ್ಯಾಕರಣಗಳು, ಬೌದ್ಧವೂ ಸೇರಿದಂತೆ ದರ್ಶನಗಳು. ಇನ್ನೊಂದು ಅಲ್ಲಿ ಊಟಕ್ಕೆ ಕೂರುವವರದು; ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ದೇಶಗಳಿಂದ ಬಂದ ಭಿಕ್ಷುಗಳು, ಜೈನ ಸನ್ಯಾಸಿಗಳು. ಮೊದಲ ಪಟ್ಟಿಯ ತರಗತಿಗೆ ಎರಡನೆಯ ಪಟ್ಟಿಯವರೆಲ್ಲ ಹೋಗುತ್ತಿರಲಿಲ್ಲ, ನಿಜ. ಆದರೂ ಅನ್ನದ ಸಾಲಿನಲ್ಲಿ ಗೋತ್ರದ ಮಾತಿಲ್ಲ. ಶಾಸನಗಳ ಸಾಹಿತ್ಯದಲ್ಲಿ ನಮಗೆ ಕುಬ್ಜನ ಕಾವ್ಯಕ್ಕಿಂತ ಈ ಒಣ ಪಟ್ಟಿಯೇ ಹೆಚ್ಚು ರುಚಿಸಿದೆ.

ಮಯೂರನ ಸಾಲನ್ನು ಅವಳು ಪೂರ್ತಿ ಹೊಡೆದುಹಾಕಿದಳು. ಯಾಕೆ ಎಂದು ಕೇಳಿದೆವು. ಬರೆದವರಿಗೆ ಅಷ್ಟು ಹೊಟ್ಟೆಯುರಿ ಇದ್ದೇ ಇರುತ್ತದೆ. "ಅವನು ಕೋರ್ಸು ಮುಗಿಸಲಿಲ್ಲವಲ್ಲ ಮಾಮು. ನಾನು ಮುಗಿಸಬೇಕು" ಎಂದಳು. ಉರ್ದುವನ್ನು ಉಳಿಸಿಕೊಂಡಳು. ತಾಳಗುಂದವನ್ನೂ ಉಳಿಸಿಕೊಂಡಳು, ಆದರೆ ಮೊದಲ ಸಾಲಿನಲ್ಲಲ್ಲ. ಪೈಥಾನ್, ಜಾವಾ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ.

ಆ ದಿನದ ಸಂಜೆ ಮತ್ತೆ ಫೋನು ಬಂತು. ತನ್ನ ಎರಡು ನಿಮಿಷದ ಬಗ್ಗೆ ಅವಳು ಹೆಚ್ಚು ಹೇಳಲಿಲ್ಲ. ಮೇಷ್ಟರಿಗೆ ತಾಳಗುಂದ ಹೇಗೆ ಬರೆಯುವುದೆಂದು ತಿಳಿಯಲಿಲ್ಲವಂತೆ, ಇವಳೇ ಹೋಗಿ ಬೋರ್ಡಿನ ಮೇಲೆ ಬರೆದು ಬಂದಳಂತೆ. ಮಾತೆಲ್ಲ ಬೇರೆಯವರದೇ. ಬೀದರಿನ ಹುಡುಗನೊಬ್ಬನ ಉರ್ದು ಇವಳಿಗಿಂತ ಸೊಗಸಂತೆ. ಕಾಸರಗೋಡಿನ ಹುಡುಗಿಗೆ ನಾಲ್ಕು ಭಾಷೆ ಬರುತ್ತದಂತೆ, ಅದರಲ್ಲಿ ಯಾವುದು ಮನೆಯದೆಂದು ಅವಳಿಗೇ ಹೇಳಲು ಬರಲಿಲ್ಲವಂತೆ. ಕಡೆಯ ಬೆಂಚಿನ ಒಬ್ಬ ಹುಡುಗ ಮಾತ್ರ ಹೆಸರೊಂದನ್ನೇ ಹೇಳಿ, ಅದೂ ಇನಿಷಿಯಲ್ ಇಲ್ಲದ ಬರಿ ಹೆಸರು, ಕೂತುಬಿಟ್ಟನಂತೆ. ಮೇಷ್ಟರು ಊರು ಎಂದು ಕೇಳಿದಾಗ "ಇಲ್ಲೇ ಸರ್, ಹತ್ತಿರ" ಎಂದನಂತೆ. ಲ್ಯಾಬಿನಲ್ಲಿ ಇಬ್ಬರಿಗೊಂದು ಕಂಪ್ಯೂಟರು. ಇವಳು ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕೂತಳಂತೆ.

ಅವನ ಊರು ಯಾವುದೆಂದು ಅವಳು ಇನ್ನೂ ಕೇಳಿಲ್ಲ.